ಮರೆಯ ನೆರವು

ಮನುಷ್ಯನ ಶೀಲವು ದೊಡ್ಡ ಪರೀಕ್ಷೆಗಳಲ್ಲಿ ಮಾತ್ರವೇ ಹೊರಬೀಳುವುದೆಂದು ತಿಳಿಯುವುದು ಲೋಕದ ವಾಡಿಕೆ. ಆದರೆ ದೊಡ್ಡ ಪರೀಕ್ಷೆಗಳು ಎಲ್ಲರ ಬಾಳಿನಲ್ಲಿಯೂ ಬರುವುದಿಲ್ಲ. ಬಂದರೂ ಅಪರೂಪವಾಗಿ ಬರುವುವು. ಮನೆಯ ಮುಂದೆ ಬೇಲಿ ಹಾಕಿಸುವುದು, ಮಗಳ ಮದುವೆಗೆ ಎಷ್ಟು ಜನರನ್ನು ಕರೆಯಬೇಕೆಂದು ನಿಶ್ಚಯಿಸುವುದು, ದಿನದ ಕೆಲಸಕ್ಕೆ ಹೋಗಿಬರಲು ಒಂದು ವಾಹನವನ್ನು ಆರಿಸಿಕೊಳ್ಳುವುದು, ಇಂಥ ಸಣ್ಣ ವಿಷಯಗಳಲ್ಲಿಯೇ ಒಬ್ಬನು ಯಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವನು, ಯಾರನ್ನು ಮರೆಯುವನು ಎಂಬುದು ಹೆಚ್ಚಾಗಿ ಗೊತ್ತಾಗುವುದು. ಈಗ ಪೇಟೆಗೆ ಬಂದಿರುವ ವಿದ್ಯುತ್ ಬೈಸಿಕಲ್ಲು ಅಂಥದೊಂದು ಪ್ರಶ್ನೆಯನ್ನು ಶಿಕಾರಿಪುರ ಸೊರಬಗಳಂಥ ಊರುಗಳ ಮುಂದೆಯೂ ಇಡುತ್ತದೆ. ಇದರಲ್ಲಿ ಕಾಲಿನ ಬಲಕ್ಕೆ ಮೋಟಾರಿನ ಬಲವು ಕೂಡಿಕೊಳ್ಳುವುದು. ಆದರೆ ಕೆಲವು ಮಾದರಿಗಳು ನೋಡುವವರ ಕಣ್ಣಿಗೆ ಸಾಮಾನ್ಯ ಬೈಸಿಕಲ್ಲಿನಂತೆಯೇ ತೋರುವುವು. ಇಂಥ ವಾಹನವನ್ನು ಬೇಕೆಂದು ಆರಿಸುವುದು ವಿನಯವೋ, ಕಪಟವೋ? ನೆರವನ್ನು ಪಡೆಯುವುದು ತಪ್ಪಲ್ಲವೆಂದ ಮೇಲೆ, ಪಡೆದ ನೆರವನ್ನು ಮರೆಮಾಡುವುದು ತಪ್ಪೇ?

ಪ್ರಶ್ನೆಯು ಸುಮ್ಮನೆ ಹುಟ್ಟಿದುದಲ್ಲ. ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಸುಮಾರು ೨೦ ಕಿಲೋಮೀಟರು. ಅಲ್ಲಿಂದ ಸೊರಬಕ್ಕೆ ಹೆಚ್ಚುಕಡಮೆ ಅಷ್ಟೇ ದಾರಿ. ಬಯಲು ಮುಗಿದು ಮಲೆನಾಡು ಮೊದಲಾಗುವ ಸೀಮೆ ಇದು. ಕೆರೆ, ಗದ್ದೆ, ಮೆಕ್ಕೆಜೋಳದ ಹೊಲ, ಅಡಕೆಯ ತೋಟ ಇವುಗಳ ನಡುವೆ ರಸ್ತೆಯು ಸಣ್ಣ ಸಣ್ಣ ಏರಿಳಿತಗಳಲ್ಲಿ ಸಾಗುವುದು. ದೊಡ್ಡ ರಸ್ತೆಯ ಊರುಗಳಿಗೆ ಬಸ್ಸುಗಳುಂಟು. ಆದರೆ ತಾಳಗುಂದ, ಬಳ್ಳಿಗಾವೆ, ಕುಬಟೂರು, ಚಂದ್ರಗುತ್ತಿ ಮೊದಲಾದ ಊರುಗಳ ಸುತ್ತಣ ಹಳ್ಳಿಗಳಲ್ಲಿ ಕೆಲಸವಿರುವವರಿಗೆ ಬಸ್ಸು ಇಳಿದ ಮೇಲೂ ದಾರಿ ಉಳಿದಿರುವುದು. ಉಪಾಧ್ಯಾಯರು, ಬ್ಯಾಂಕಿನ ಗುಮಾಸ್ತರು, ಆರೋಗ್ಯ ಕೇಂದ್ರದ ದಾದಿಯರು, ಅಂಗಡಿಗಳಲ್ಲಿ ಲೆಕ್ಕ ಬರೆಯುವವರು, ಇಂಥವರ ಪೈಕಿ ಎಲ್ಲರಿಗೂ ಪೆಟ್ರೋಲಿನ ವಾಹನದ ವೆಚ್ಚವು ತಾಳಲಾರದು. ಐವತ್ತು ದಾಟಿದ ದೇಹಕ್ಕೆ ದಿನವೂ ೪೦ ಕಿಲೋಮೀಟರು ತುಳಿಯುವುದೂ ಸಾಧ್ಯವಾಗದು. ಈ ಎರಡರ ನಡುವಣ ದಾರಿಯೇ ವಿದ್ಯುತ್ ಬೈಸಿಕಲ್ಲು.

ಈ ಯೋಚನೆಯು ಹೊಸತಲ್ಲ. ಅಮೆರಿಕದ ಆಗ್ಡನ್ ಬೋಲ್ಟನ್ ಎಂಬಾತನು ಹಿಂದಿನ ಚಕ್ರದ ಅಚ್ಚಿನ ಸುತ್ತ ಮೋಟಾರನ್ನು ಕೂರಿಸಿದ ಬೈಸಿಕಲ್ಲಿಗೆ ೧೮೯೫ರ ಡಿಸೆಂಬರಿನಲ್ಲಿಯೇ ಪೇಟೆಂಟು ಪಡೆದನು. ೧೯೯೧ರಲ್ಲಿ ಲಿಥಿಯಮ್ ಬ್ಯಾಟರಿಯು ಮಾರುಕಟ್ಟೆಗೆ ಬಂದು, ಕ್ರಮೇಣ ಅಗ್ಗವಾದ ಮೇಲೆ, ಅದು ನಿತ್ಯದ ಬಳಕೆಗೆ ಒದಗುವಷ್ಟು ಹಗುರವಾಯಿತು. ಹಿಂದಿನ ಯಂತ್ರಗಳಿಗೆ ತಮ್ಮನ್ನು ಮರೆಸಿಕೊಳ್ಳುವ ಶಕ್ತಿಯಿರಲಿಲ್ಲ. ೧೯೭೨ರಲ್ಲಿ ಪುಣೆಯ ಕೈನೆಟಿಕ್ ಕಂಪನಿಯು ಹೊರತಂದ ಲೂನಾ ಎಂಬ ಪುಟ್ಟ ವಾಹನಕ್ಕೂ ಬೈಸಿಕಲ್ಲಿನ ಹಾಗೆ ತುಳಿಯುವ ಪೆಡಲುಗಳಿದ್ದುವು. ಆದರೆ ಅದು ಬರುತ್ತಿದೆಯೆಂಬುದು ಬೀದಿಯ ತಿರುವಿನಾಚೆಗೇ ಕೇಳಿಸುತ್ತಿತ್ತು. ಇಂದಿನ ವಿದ್ಯುತ್ ಬೈಸಿಕಲ್ಲಿನ ಮೋಟಾರು ಹಿಂಚಕ್ರದ ನಡುವೆ ಅಡಗುವುದು. ಬ್ಯಾಟರಿಯು ಚೌಕಟ್ಟಿನ ಕೊಳವೆಯೊಳಗೆ ಅಡಗುವುದು. ಸದ್ದೋ, ಗಾಳಿಯ ಸದ್ದಿಗಿಂತ ಕಡಮೆ. ಮರೆಯೆಂಬುದು ಈ ಯಂತ್ರಕ್ಕೆ ಹೊರಗಿನಿಂದ ಹೊದಿಸಿದುದಲ್ಲ, ಅದರ ಸ್ವಭಾವದಲ್ಲಿಯೇ ಬಂದುದು.

ಕೊಳ್ಳುವವರು ಮರೆಯನ್ನು ಬಯಸುವುದಕ್ಕೆ ಕಾರಣಗಳು ಹಲವು. ಬ್ಯಾಟರಿಯು ಬೆಲೆಯುಳ್ಳ ವಸ್ತುವಾದುದರಿಂದ ಕಳ್ಳನ ಕಣ್ಣಿಗೆ ಬೀಳದಿರಲೆಂಬುದು ಒಂದು. ಚಹದ ಅಂಗಡಿಯ ಮುಂದೆ ಕುಳಿತವರು "ಇಷ್ಟು ಬೇಗ ಕಾಲು ಸೋತುವೇನು?" ಎಂದು ಕೇಳದಿರಲೆಂಬುದು ಇನ್ನೊಂದು. ಹೊಸ ಸಾಮಾನನ್ನು ಮೆರೆಸುವುದು ಒಗ್ಗದೆ, ಊರಿನೊಳಗೆ ಹತ್ತರೊಡನೆ ಹನ್ನೊಂದಾಗಿ ಇರಬೇಕೆಂಬ ಸಂಕೋಚವು ಮತ್ತೊಂದು. ಇವುಗಳಲ್ಲಿ ಯಾವುದೂ ನಿಂದ್ಯವಾದುದಲ್ಲ. ಆದರೆ ಸಾಲ ಕೊಟ್ಟವನಿಗೆ ತಿಳಿಯಬಾರದೆಂದು ಮರೆಸುವವನೂ ಇರಬಹುದು. ಆಗ ವಾಹನವು ಅದೇ ಆದರೂ ಮರೆಯ ಗುಣವು ಬೇರೆ. ಆದುದರಿಂದ ಮರೆಸುವುದು ಒಳ್ಳೆಯದೋ ಕೆಟ್ಟುದೋ ಎಂದು ಒಟ್ಟಾರೆ ಕೇಳಿದರೆ ಉತ್ತರವು ದೊರೆಯದು. ಏನನ್ನು, ಯಾರಿಂದ ಮರೆಸಲಾಗುತ್ತಿದೆ ಎಂದು ಬಿಡಿಸಿ ಕೇಳಬೇಕು.

ಸೊರಬ ಸಾಗರಗಳ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಬಹುಕಾಲದಿಂದ ಹೆಸರಾದವರು. ಗಂಧದ ಪೆಟ್ಟಿಗೆಯೊಂದರಲ್ಲಿ ಹಲಗೆಗೆ ಹಲಗೆ ಸೇರಿದ ಸಂದು ಕಾಣದಂತೆ ಮಾಡುವುದು ಕೈಚಳಕ. ಅದನ್ನು ಯಾರೂ ಸುಳ್ಳೆನ್ನರು. ಆದರೆ ಬೇರೆ ಮರದ ಪೆಟ್ಟಿಗೆಗೆ ಗಂಧದೆಣ್ಣೆಯನ್ನು ಸವರಿ ಗಂಧದ ಬೆಲೆಗೆ ಮಾರುವ ವ್ಯಾಪಾರಿಯೊಬ್ಬನಿದ್ದರೆ ಅವನು ಮಾಡುವುದು ಮೋಸ. ಎರಡರಲ್ಲಿಯೂ ಮರೆಯುಂಟು. ಮೊದಲನೆಯದರಲ್ಲಿ ಮರೆಯಾದುದು ಕೊಳ್ಳುವವನು ತಿಳಿಯಬೇಕಾದ ಸಂಗತಿಯಲ್ಲ. ಎರಡನೆಯದರಲ್ಲಿ ಅವನು ಯಾವುದನ್ನು ನಂಬಿ ಹಣವನ್ನು ಎಣಿಸಿದನೋ ಅದೇ ಮರೆಯಾಗಿದೆ. ಸತ್ಯವೆಂದರೆ ಎಲ್ಲವನ್ನೂ ಎಲ್ಲರಿಗೂ ತೆರೆದು ತೋರಿಸುವುದಲ್ಲ. ತನ್ನನ್ನು ನಂಬಿ ಒಬ್ಬನು ಯಾವ ತೀರ್ಮಾನವನ್ನು ಮಾಡುವನೋ, ಆ ತೀರ್ಮಾನಕ್ಕೆ ಬೇಕಾದುದನ್ನು ಅವನಿಂದ ಬಚ್ಚಿಡದಿರುವುದೇ ಸತ್ಯ.

ಈ ಅಳತೆಯನ್ನು ಹಿಡಿದು ನೋಡಿದರೆ ಕೆಲವು ವಿಷಯಗಳು ಸುಲಭವಾಗಿ ಇತ್ಯರ್ಥವಾಗುವುವು. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ ಬಲವು ೨೫೦ ವಾಟಿಗಿಂತ ಕಡಮೆಯಿದ್ದು, ವೇಗವು ಗಂಟೆಗೆ ೨೫ ಕಿಲೋಮೀಟರನ್ನು ಮುಟ್ಟಿದೊಡನೆ, ಅಥವಾ ತುಳಿಯುವುದನ್ನು ನಿಲ್ಲಿಸಿದೊಡನೆ, ಅದರ ನೆರವು ನಿಂತುಹೋಗುವಂತಿದ್ದರೆ ಅಂಥ ಬೈಸಿಕಲ್ಲು ಮೋಟಾರು ವಾಹನವೆನಿಸುವುದಿಲ್ಲ. ಅದಕ್ಕೆ ನೋಂದಣಿಯಾಗಲಿ, ಸವಾರನಿಗೆ ಪರವಾನಗಿಯಾಗಲಿ ಬೇಕಿಲ್ಲ. ಈ ಮಿತಿಯನ್ನು ಮೀರಿದ ಮೋಟಾರನ್ನು ಸಾಧಾರಣ ಚೌಕಟ್ಟಿನಲ್ಲಿ ಅಡಗಿಸಿ ಓಡಿಸುವವನು ಪೋಲೀಸರನ್ನು ಮಾತ್ರ ವಂಚಿಸುವನೆಂದು ತಿಳಿಯಬಾರದು. ಮೋಟಾರು ವಾಹನಕ್ಕೆ ಇತರರಿಗಾಗುವ ಅಪಾಯದ ವಿಮೆಯು ಕಡ್ಡಾಯ. ಅಂಥವನು ಸಂತೆಯ ದಿನ ಮುದುಕಿಯೊಬ್ಬಳಿಗೆ ಢಿಕ್ಕಿ ಹೊಡೆದರೆ ಅವಳ ಚಿಕಿತ್ಸೆಗೆ ಒದಗಬೇಕಾದ ವಿಮೆಯ ಆಧಾರವೇ ಅಲ್ಲಿಲ್ಲ. ಅವನು ಮರೆಸಿದುದು ಮೋಟಾರನ್ನು. ಕಸಿದುಕೊಂಡುದು ಮುದುಕಿಯ ರಕ್ಷಣೆಯನ್ನು.

ಪಂದ್ಯದ ವಿಷಯವೂ ಇಷ್ಟೇ ಸ್ಪಷ್ಟ. ೨೦೧೬ರ ಜನವರಿಯಲ್ಲಿ ಬೆಲ್ಜಿಯಮ್ ದೇಶದ ಝೋಲ್ಡರ್ ಎಂಬಲ್ಲಿ ನಡೆದ ಸೈಕ್ಲೋಕ್ರಾಸ್ ವಿಶ್ವಸ್ಪರ್ಧೆಯಲ್ಲಿ, ೨೩ ವರ್ಷದೊಳಗಿನ ಸ್ತ್ರೀಯರ ವರ್ಗದ ಸ್ಪರ್ಧಿಯೊಬ್ಬಳಿಗಾಗಿ ಇರಿಸಿದ್ದ ಬೈಸಿಕಲ್ಲಿನ ಚೌಕಟ್ಟಿನೊಳಗೆ ಮೋಟಾರು ಅಡಗಿದ್ದುದು ಪತ್ತೆಯಾಯಿತು. ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು ಆಕೆಯನ್ನು ಆರು ವರ್ಷ ಸ್ಪರ್ಧೆಗಳಿಂದ ಹೊರಗಿಟ್ಟು, ೨೦,೦೦೦ ಸ್ವಿಸ್ ಫ್ರಾಂಕು ದಂಡವನ್ನು ವಿಧಿಸಿತು. ಮೋಟಾರು ಕೆಟ್ಟ ವಸ್ತುವಲ್ಲ. ಆದರೆ ಪಂದ್ಯವೆಂಬುದು ಕಾಲಿನ ಬಲವನ್ನು ಕಾಲಿನ ಬಲದೊಡನೆ ತೂಗುವ ತಕ್ಕಡಿ. ಅದರ ಒಂದು ತಟ್ಟೆಯ ಅಡಿಯಲ್ಲಿ ಬೆರಳನ್ನು ಒತ್ತುವುದು ಕೆಟ್ಟುದು.

ಶಿಕಾರಿಪುರದ ರಸ್ತೆಯಲ್ಲಿ ಪಂದ್ಯವಿಲ್ಲ, ಬಹುಮಾನವಿಲ್ಲ. ಆದುದರಿಂದ ನಿಯಮದ ಮಿತಿಯೊಳಗಿರುವವನಿಗೆ ಯಾವ ಬಾಧ್ಯತೆಯೂ ಇಲ್ಲವೆಂದು ಹೇಳಿ ವಿಷಯವನ್ನು ಮುಗಿಸಬಹುದೆಂದು ತೋರುವುದು. ಅಷ್ಟಕ್ಕೇ ಮುಗಿಯದು. ಒಬ್ಬ ಉಪಾಧ್ಯಾಯನಿದ್ದಾನೆಂದು ಭಾವಿಸಬಹುದು. ಮಂಡಿನೋವಿನ ಕಾರಣದಿಂದ ಅವನು ಇಂಥ ಬೈಸಿಕಲ್ಲನ್ನು ಕೊಂಡನು. ಬೀದಿಯ ಮಾತಿಗೆ ಅಂಜಿ ಸಾಮಾನ್ಯವಾಗಿ ತೋರುವ ಮಾದರಿಯನ್ನೇ ಆರಿಸಿದನು. ಅವನ ಶಾಲೆಯ ಹುಡುಗನೊಬ್ಬನು ಅದೇ ದಾರಿಯಲ್ಲಿ ಅಣ್ಣನು ಬಿಟ್ಟುಕೊಟ್ಟ ಹಳೆಯ ಬೈಸಿಕಲ್ಲನ್ನು ತುಳಿಯುವನು. ೨೦೦೬–೦೭ರಲ್ಲಿ, ಶಿಕಾರಿಪುರದ ಶಾಸಕರಾಗಿದ್ದ ಬಿ. ಎಸ್. ಯಡಿಯೂರಪ್ಪನವರು ಅರ್ಥಸಚಿವರಾಗಿದ್ದಾಗ, ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಹಂಚುವ ಯೋಜನೆಯು ಆರಂಭವಾಗಿ ಅನೇಕ ವರ್ಷ ನಡೆಯಿತು. ಹಾಗೆ ಬಂದ ಗಟ್ಟಿಯಾದ, ಭಾರವಾದ ಬೈಸಿಕಲ್ಲೇ ಅದು. ಏರಿನಲ್ಲಿ ಹುಡುಗನು ಎದ್ದು ನಿಂತು, ಮೈಬೆವರಿ ತುಳಿಯುತ್ತಿರುವಾಗ ಐವತ್ತೈದು ವರ್ಷದ ಮೇಷ್ಟರು ಅಂಗಿಯ ಮಡಿಕೆ ಕೆಡದಂತೆ ಅವನನ್ನು ದಾಟಿ ಹೋಗುವರು. ಒಂದು ದಿನವಲ್ಲ, ವರ್ಷವೆಲ್ಲ. ಹುಡುಗನ ತಂದೆಯು ಅದನ್ನು ಕಂಡು, "ಮೇಷ್ಟರನ್ನು ನೋಡು, ಆ ವಯಸ್ಸಿನಲ್ಲಿ ಹೇಗಿದ್ದಾರೆ! ನಿನಗೇನು ಬಂದಿದೆ ರೋಗ?" ಎನ್ನುವನು. ಮೇಷ್ಟರು ಒಂದು ಸುಳ್ಳನ್ನೂ ಆಡಿಲ್ಲ. ಆದರೆ ಹುಡುಗನು ತನ್ನ ಕಾಲುಗಳು ಕೈಲಾಗದವೆಂದು ನಂಬಿದನು.

ಇಲ್ಲಿ ಪಂದ್ಯವನ್ನು ಯಾರೂ ಸಾರಲಿಲ್ಲ. ಆದರೂ ಪಂದ್ಯವು ನಡೆಯಿತು, ಒಬ್ಬನು ಸೋತನು. ಮೌನವು ಸುಳ್ಳಿನ ಕೆಲಸವನ್ನು ಮಾಡುವ ಜಾಗ ಇದು. ಲೋಕದಲ್ಲಿ ಜನರು ಒಬ್ಬರನ್ನು ನೋಡಿ ಇನ್ನೊಬ್ಬರು ತಮ್ಮನ್ನು ಅಳೆದುಕೊಳ್ಳುವರು. ಚಿಕ್ಕವರು ಹಿರಿಯರನ್ನು ನೋಡಿಯೇ ತಮ್ಮ ಶಕ್ತಿಯ ಮೇಲೆ ಬೆಲೆ ಕಟ್ಟುವರು. ಅಳೆಯುವ ಕೋಲಿನಲ್ಲಿಯೇ ಒಂದು ಗುಟ್ಟಾದ ಹೆಚ್ಚಳವಿದ್ದರೆ ಅಳತೆಗೆ ನಿಂತವನು ತನ್ನ ತಪ್ಪಿಲ್ಲದೆ ಕುಳ್ಳನಾಗುವನು. ಕಳ್ಳನಿಗಾಗಲಿ, ಚಹದ ಅಂಗಡಿಯ ಕುತೂಹಲಿಗಾಗಲಿ ಮೋಟಾರಿನ ಸಮಾಚಾರವು ಸಲ್ಲಬೇಕಾದ ಋಣವಲ್ಲ. ಆ ಹುಡುಗನಿಗೆ ಅದು ಋಣ. ತೀರಿಸುವುದಕ್ಕೆ ದೊಡ್ಡ ಉಪದೇಶವೇನೂ ಬೇಡ. ಏರಿನ ಮೇಲೆ ಒಂದು ನಿಮಿಷ ನಿಂತು, "ಇದರೊಳಗೆ ಮೋಟಾರು ಇದೆಯಪ್ಪಾ, ನಿನ್ನ ಕಾಲು ನನ್ನ ಕಾಲಿಗಿಂತ ಗಟ್ಟಿ" ಎಂದರೆ ಸಾಕು.

ಇದಕ್ಕೆ ಒಂದು ಆಕ್ಷೇಪವುಂಟು. ರೋಗವೂ ನೋವೂ ಮನುಷ್ಯನ ಸ್ವಂತದ್ದು; ಮಂಡಿಯು ಸೋತಿತೆಂದು ಬೀದಿಯಲ್ಲಿ ಸಾರಬೇಕೆನ್ನುವುದು ಕ್ರೌರ್ಯವಲ್ಲವೆ? ದಾದಿಯೊಬ್ಬಳು ತನ್ನ ದೇಹದ ಕಷ್ಟವನ್ನು ಯಾರಿಗೂ ಹೇಳಲೊಲ್ಲದೆ ಇಂಥ ವಾಹನವನ್ನು ಆರಿಸಿದರೆ ಅವಳನ್ನು ಪ್ರಶ್ನಿಸುವ ಹಕ್ಕು ಯಾರಿಗಿದೆ? ಆಕ್ಷೇಪವು ನ್ಯಾಯವಾದುದು. ಆದರೆ ನೆರವುಂಟೆಂದು ಒಪ್ಪುವುದು ಬೇರೆ, ನೆರವೇಕೆ ಬೇಕಾಯಿತೆಂದು ವಿವರಿಸುವುದು ಬೇರೆ. ಮೊದಲನೆಯದು ಕೆಲವರಿಗೆ ಸಲ್ಲಬೇಕಾದುದು. ಎರಡನೆಯದು ಯಾರಿಗೂ ಸಲ್ಲಬೇಕಾದುದಲ್ಲ. ಮೋಟಾರು ಇದೆಯೆಂದು ಹೇಳಿದವನು ಮಂಡಿಯ ಮಾತನ್ನು ಎತ್ತಬೇಕಾಗಿಲ್ಲ.

ಮರೆಯ ವಿಷಯವಾಗಿ ಈ ಸೀಮೆಯವರಿಗೆ ಹೊರಗಿನ ಶಾಸ್ತ್ರವನ್ನು ಹುಡುಕಬೇಕಾಗಿಲ್ಲ. ಶಿಕಾರಿಪುರ ತಾಲ್ಲೂಕಿನ ಉಡುತಡಿಯು ಅಕ್ಕಮಹಾದೇವಿಯ ಊರೆಂದೂ, ಬಳ್ಳಿಗಾವೆಯು ಅಲ್ಲಮಪ್ರಭುವಿನ ಊರೆಂದೂ ಪ್ರತೀತಿ. ಈ ಇಬ್ಬರೂ ಕಲ್ಯಾಣದಲ್ಲಿ ಎದುರುಬದುರಾದ ಪ್ರಸಂಗವನ್ನು ಶೂನ್ಯಸಂಪಾದನೆಯು ನಿರೂಪಿಸುತ್ತದೆ. ಉಡುಗೆಯನ್ನು ತೊರೆದು ಬಂದ ಅಕ್ಕನನ್ನು ಪ್ರಭುವು ತಡೆದು, ಎಲ್ಲವನ್ನೂ ಬಿಟ್ಟವಳಿಗೆ ಕೂದಲಿನ ಮರೆಯೇಕೆ ಎಂದು ಕೇಳುವನು. ಆ ಮರೆಯು ತನ್ನ ಸಲುವಾಗಿ ಅಲ್ಲ, ನೋಡುವವರಿಗೆ ನೋವಾಗದಿರಲೆಂದು ಎಂಬುದು ಅಕ್ಕನ ಉತ್ತರದ ತಾತ್ಪರ್ಯ. ಪ್ರಶ್ನೆಯೂ ಉತ್ತರವೂ ಬಹು ಎತ್ತರದ ನೆಲೆಯವು. ನಿತ್ಯದ ವಾಹನದ ಮಾತಿಗೆ ಅವನ್ನು ಎಳೆದು ತರುವುದರಲ್ಲಿ ಸಂಕೋಚವಿರಬೇಕು. ಆದರೂ ಅಲ್ಲಿ ದೊರೆಯುವ ವಿವೇಕವು ಎಲ್ಲ ನೆಲೆಗಳಿಗೂ ಒಪ್ಪುವಂಥದು. ಪ್ರಭುವು ಮರೆಯಿದೆಯೆಂದು ಮಾತ್ರಕ್ಕೆ ತಪ್ಪು ಹೊರಿಸಲಿಲ್ಲ, ಮರೆಯೇಕೆಂದು ಕೇಳಿದನು. ಅಕ್ಕನು ಆ ಮರೆಯಿಂದ ಯಾರಿಗೆ ಹಿತವೆಂಬುದನ್ನು ಹೇಳಿದಳು. ಇನ್ನೊಬ್ಬರ ನೋವನ್ನು ತಪ್ಪಿಸುವ ಮರೆಯು ಲೇಸು. ಇನ್ನೊಬ್ಬರಿಗೆ ನೋವನ್ನು ತಂದು ತನಗೆ ಹೊಗಳಿಕೆಯನ್ನು ತರುವ ಮರೆಯು ಹೊಲ್ಲದು.

ಮರೆಯ ಜೊತೆಗೆ ಕೊಳ್ಳುವವನು ಕೇಳುವ ಇನ್ನೊಂದು ಗುಣವು ದೂರ. ಒಂದು ಸಲ ತುಂಬಿದರೆ ಎಷ್ಟು ಕಿಲೋಮೀಟರು ಹೋಗುವುದು? ಇಲ್ಲಿಯೂ ಲೆಕ್ಕದೊಳಗೆ ನೀತಿಯು ಅಡಗಿದೆ. ೩೬ ವೋಲ್ಟಿನ, ೧೦ ಆಂಪಿಯರ್-ಗಂಟೆಯ ಬ್ಯಾಟರಿಯು ೩೬೦ ವಾಟ್-ಗಂಟೆಯಷ್ಟು ಶಕ್ತಿಯನ್ನು ಹಿಡಿಯುವುದು. ಸವಾರನೂ ತಕ್ಕಷ್ಟು ತುಳಿದರೆ ಕಿಲೋಮೀಟರಿಗೆ ಸುಮಾರು ೧೦ ವಾಟ್-ಗಂಟೆ ವೆಚ್ಚವಾದೀತು. ಅಲ್ಲಿಗೆ ೩೬ ಕಿಲೋಮೀಟರು. ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗಿಬರುವವನಿಗೆ ಇದು ಸಾಲದು. ೪೦ಕ್ಕೆ ನಾಲ್ಕು ಕಡಮೆ. ೫೦೦ ವಾಟ್-ಗಂಟೆಯದನ್ನು ಕೊಂಡರೆ ಹೊಸತರಲ್ಲಿ ೫೦ ಕಿಲೋಮೀಟರು ಬಂದೀತು; ಕೆಲವು ನೂರು ಸಲ ತುಂಬಿ ಬರಿದಾದ ಮೇಲೆ ಇಂಥ ಬ್ಯಾಟರಿಯ ಹಿಡಿತವು ಐದರಲ್ಲಿ ಒಂದು ಪಾಲು ಕುಗ್ಗುವುದು ಸಾಮಾನ್ಯವಾದುದರಿಂದ ಆಗಲೂ ೪೦ ಉಳಿಯುವುದು. ಮಳೆಗಾಲದ ಎದುರುಗಾಳಿಗೆಂದು ಇನ್ನೂ ಸ್ವಲ್ಪವನ್ನು ಕೂಡಿಸಿಕೊಳ್ಳುವುದು ವಿವೇಕ. ಅದರಾಚೆಗೆ, ವರ್ಷಕ್ಕೊಮ್ಮೆ ಬನವಾಸಿಯ ತೇರಿಗೆ ಹೋಗಬೇಕಾದೀತೆಂದು ನೂರು ಕಿಲೋಮೀಟರಿನ ಬ್ಯಾಟರಿಯನ್ನು ಕೊಳ್ಳುವವನು ಒಂದು ದಿನದ ಬಯಕೆಯ ಭಾರವನ್ನು ಮುನ್ನೂರು ದಿನ ಹೊರುವನು. ಬೇಕಾದುದಕ್ಕೂ ಬಯಸಿದುದಕ್ಕೂ ಇರುವ ಅಂತರವನ್ನು ಹೀಗೆ ಅಂಕಿಗಳಲ್ಲಿ ಕಾಣಿಸುವ ಸಂದರ್ಭಗಳು ಕಡಮೆ.

ಇನ್ನು ಕಡಮೆ ದೂರದ ಬ್ಯಾಟರಿಯನ್ನು ಕೊಂಡು, ಕೊರತೆಯನ್ನು ಕೆಲಸದ ಮನೆಯಲ್ಲಿ ತುಂಬಿಕೊಳ್ಳುವವನುಂಟು. ಒಂದು ಸಲ ತುಂಬಲು ಅರ್ಧ ಯೂನಿಟ್ಟಿನ ಆಸುಪಾಸು ವಿದ್ಯುತ್ತು ಬೇಕು. ಬೆಲೆಯು ನಾಲ್ಕೈದು ರೂಪಾಯಿಗೆ ಮೀರದು. ಕೇಳಿದರೆ ಯಾವ ಮುಖ್ಯೋಪಾಧ್ಯಾಯನೂ ಬೇಡವೆನ್ನಲಿಕ್ಕಿಲ್ಲ. ಹಾಗಿದ್ದರೂ ಕೇಳದೆ, ಬೀರುವಿನ ಹಿಂದಣ ಪ್ಲಗ್ಗಿಗೆ ತಂತಿಯನ್ನು ಸಿಕ್ಕಿಸುವುದರಲ್ಲಿ ಆಗುವ ನಷ್ಟವು ರೂಪಾಯಿಯದಲ್ಲ. ಕೇಳಿ ಪಡೆದುದು ನೆರವು. ಕೇಳದೆ ಪಡೆದುದಕ್ಕೆ ಬೇರೆ ಹೆಸರುಂಟು. ವಾಹನದಲ್ಲಿ ಮೋಟಾರನ್ನು ಮರೆಸುವ ಅಭ್ಯಾಸವು ಹೀಗೆ ಮೆಲ್ಲಗೆ ಮನಸ್ಸಿಗೂ ಹತ್ತಬಹುದು.

ಎಲ್ಲಕ್ಕಿಂತ ಸೂಕ್ಷ್ಮವಾದುದು ಸವಾರನು ತನ್ನಿಂದಲೇ ಮರೆಸಿಕೊಳ್ಳುವುದು. ಒಳ್ಳೆಯ ಮೋಟಾರು ನೂಕಿದಂತೆ ತೋರುವುದಿಲ್ಲ; ತನ್ನ ಕಾಲೇ ಬಲವಾದಂತೆ ತೋರುವುದು. ಮೊದಲ ವಾರದಲ್ಲಿ ಯಂತ್ರವನ್ನು ಹೊಗಳಿದವನು ಆರು ತಿಂಗಳಿಗೆ ತನ್ನನ್ನೇ ಹೊಗಳಿಕೊಳ್ಳತೊಡಗುವನು. ಬ್ಯಾಟರಿಯಲ್ಲಿ ತುಂಬಿದ ಶಕ್ತಿಯು ಎಲ್ಲಿಂದ ಬಂದಿತೆಂಬುದನ್ನೂ ಅವನು ನೆನೆಯುವುದಿಲ್ಲ. ರಾಜ್ಯದ ವಿದ್ಯುತ್ತಿನಲ್ಲಿ ಶರಾವತಿಯ ಪಾಲುಂಟು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ತಿಯಾದಾಗ ಸಾಗರ ಹೊಸನಗರಗಳ ಕಡೆಯ ಎಷ್ಟೋ ಹಳ್ಳಿಗಳು ನೀರಿನಡಿ ಸೇರಿ, ಸಾವಿರಾರು ಕುಟುಂಬಗಳು ಮನೆಮಠಗಳನ್ನು ಬಿಟ್ಟು ಹೋದುವು. ಸದ್ದಿಲ್ಲದ ಮೋಟಾರಿನ ಹಿಂದೆ ಅಂಥವರೆಲ್ಲರ ನಷ್ಟವೂ ಸದ್ದಿಲ್ಲದೆ ಇದೆ.

ಹೀಗೆ ನೋಡಿದರೆ ಪ್ರಶ್ನೆಯು ಬೈಸಿಕಲ್ಲಿನದು ಮಾತ್ರವಲ್ಲ. ಹಿರಿಯರು ಬಿಟ್ಟುಹೋದ ಗದ್ದೆ, ಮನೆಯಲ್ಲಿ ಮೊದಲೇ ಇದ್ದ ಓದು, ಹುಟ್ಟಿದ ಜಾತಿಗೆ ಊರು ಕೊಡುವ ಮರ್ಯಾದೆ, ಆಫೀಸಿನಲ್ಲಿರುವ ನೆಂಟನ ಒಂದು ಮಾತು, ಇವೆಲ್ಲವೂ ಚೌಕಟ್ಟಿನ ಕೊಳವೆಯೊಳಗೆ ಅಡಗಿದ ಬ್ಯಾಟರಿಗಳೇ. ಏರನ್ನು ಸಲೀಸಾಗಿ ಹತ್ತಿದವರು ತಮ್ಮ ಕಾಲಿನ ಬಲದಿಂದಲೇ ಹತ್ತಿದೆವೆಂದು ನಿಜವಾಗಿ ನಂಬಿರುವರು, ಅವರು ಸುಳ್ಳುಗಾರರಲ್ಲ. ಆದರೆ ಅವರನ್ನು ನೋಡಿ ಹಿಂದೆ ಉಳಿದವನು ತಾನು ಸೋಮಾರಿಯೆಂದೂ, ಮಂದಬುದ್ಧಿಯೆಂದೂ ತೀರ್ಮಾನಿಸಿಕೊಳ್ಳುವನು. ಊರೂ ಹಾಗೆಯೇ ತೀರ್ಮಾನಿಸುವುದು. ನೆರವು ಪಡೆದವರು ನೆರವನ್ನು ಹಿಂತಿರುಗಿಸಬೇಕೆಂದು ಯಾರೂ ಹೇಳುವುದಿಲ್ಲ. ಹಲವು ಸಲ ಅದು ಸಾಧ್ಯವೂ ಅಲ್ಲ. ಅದು ಇತ್ತೆಂದು ಒಪ್ಪಿಕೊಳ್ಳುವುದು ಮಾತ್ರ ಎಲ್ಲರಿಗೂ ಸಾಧ್ಯ, ಅದಕ್ಕೆ ಖರ್ಚಿಲ್ಲ.

ಆದುದರಿಂದ ಶಿಕಾರಿಪುರದಲ್ಲಾಗಲಿ ಸೊರಬದಲ್ಲಾಗಲಿ ಇಂಥ ವಾಹನವನ್ನು ಕೊಳ್ಳುವವನು ಸಂಕೋಚಪಡಬೇಕಾಗಿಲ್ಲ. ಅದರ ಬಲವು ನಿಯಮದ ಮಿತಿಯೊಳಗಿರಲಿ. ಅದರ ದೂರವು ನಿತ್ಯದ ದಾರಿಗೆ ತಕ್ಕಷ್ಟಿರಲಿ. ಅದರ ವಿದ್ಯುತ್ತು ಕೇಳಿ ಪಡೆದುದಾಗಲಿ. ಅದರ ರೂಪವು ಅವನಿಗೆ ಒಪ್ಪುವಷ್ಟು ಸಾಧಾರಣವಾಗಿರಲಿ. ಬೀದಿಯ ಕಣ್ಣಿಗೆ ಅದು ಬರಿಯ ಬೈಸಿಕಲ್ಲಾಗಿಯೇ ತೋರಿದರೂ ದೋಷವಿಲ್ಲ. ತನ್ನನ್ನು ಅವನೊಡನೆ ಹೋಲಿಸಿಕೊಂಡು ಕುಗ್ಗುವವನೊಬ್ಬನು ಹಿಂದೆ ಬರುತ್ತಿರುವನೇ ಎಂಬುದೊಂದನ್ನು ಮಾತ್ರ ಅವನು ಆಗಾಗ ತಿರುಗಿ ನೋಡಬೇಕು. ನೆರವು ಮೌನವಾಗಿರಬಹುದು, ಅಂಥವನೆದುರಿಗೆ ನೆರವು ಪಡೆದವನು ಮೌನವಾಗಿರುವುದು ಸಲ್ಲದು.